ನಮ್ಮವರು ಗಲ್ಫಿನ ಆಸ್ಪತ್ರೆಯಲ್ಲಿ, ನಾವು ಊರಿನಲ್ಲಿ: ಇಲ್ಲಿಂದಲೇ ಏನೇನು ಮಾಡಬಹುದು

ಗಲ್ಫಿನಲ್ಲಿ ದುಡಿಯುವ ನಿಮ್ಮವರೊಬ್ಬರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ನೀವು ಇಲ್ಲಿ ಕಾಪುವಿನಲ್ಲೋ ಬೈಂದೂರಿನಲ್ಲೋ ಮನೆಯಲ್ಲಿದ್ದೀರಿ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ಅಲ್ಲಿನ ಭಾಷೆ ಬರುವುದಿಲ್ಲ. ಫೋನ್ ಬಂದರೂ ಹೆದರಿಕೆ, ಬಾರದಿದ್ದರೂ ಹೆದರಿಕೆ. ಅಂಥ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಕಟಪಾಡಿಯವಳು. ಸೊಸೈಟಿಯಲ್ಲಿ ಕ್ಲಾರ್ಕ್. ನನ್ನ ತಮ್ಮ ಸೌದಿಯ ಜುಬೈಲ್‌ನಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ. ಕೆಲಸದಲ್ಲಿರುವಾಗಲೇ ತಲೆಯೊಳಗೆ ರಕ್ತಸ್ರಾವ ಆಗಿ ಬಿದ್ದ. ವಾರಗಟ್ಟಲೆ ಐಸಿಯುವಿನಲ್ಲಿದ್ದ. ಇಲ್ಲಿ ಅಮ್ಮ, ತಮ್ಮನ ಹೆಂಡತಿ, ಅವನ ಇಬ್ಬರು ಮಕ್ಕಳು, ಮತ್ತೆ ನಾನು. ಅವನು ಜೀವ ಉಳಿಸಿಕೊಂಡು ಊರಿಗೆ ಬಂದ. ಎಲ್ಲರ ಮನೆಯಲ್ಲೂ ಹಾಗಾಗುವುದಿಲ್ಲ ಅಂತ ನನಗೆ ಗೊತ್ತುಂಟು. ಆಮೇಲೆ ಆಚೀಚೆ ಊರಿನ ಮನೆಗಳಿಗೆ ಇಂಥದ್ದೇ ಫೋನ್ ಬಂದಾಗ ನನ್ನನ್ನು ಕರೆದರು. ಹೋಗಿ ಜೊತೆಗೆ ಕೂತೆ, ಕಾಗದ ಬರೆದುಕೊಟ್ಟೆ. ಎಲ್ಲಾ ಮನೆಯಲ್ಲೂ ಕೇಳಿದ ಮಾತು ಒಂದೇ: "ಇಲ್ಲಿ ಕೂತು ನಾವು ಎಂತ ಮಾಡಲಿಕ್ಕಾಗುತ್ತದೆ ಅಕ್ಕ?"

ತುಂಬಾ ಮಾಡಲಿಕ್ಕಾಗುತ್ತದೆ. ನೋವು ಕಡಿಮೆ ಮಾಡಲಿಕ್ಕೆ ಇಲ್ಲಿಂದ ಆಗುವುದಿಲ್ಲ, ಅದು ನಿಜ. ಆದರೆ ದೂರದಿಂದ ಮಾಡುವ ಆರೈಕೆ ಅಂತಲೇ ಒಂದು ಕೆಲಸ ಉಂಟು. ಅದನ್ನು ಕಲಿಯಬಹುದು, ಹಂಚಿಕೊಳ್ಳಬಹುದು.

ಮೊದಲ ಫೋನ್ ಬಂದಾಗ

ಮೊದಲ ಫೋನ್ ಹೆಚ್ಚಾಗಿ ರೂಮ್‌ಮೇಟ್‌ನಿಂದ ಬರುತ್ತದೆ. "ಸ್ವಲ್ಪ ಹುಷಾರಿಲ್ಲ, ಅಡ್ಮಿಟ್ ಮಾಡಿದ್ದೇವೆ, ಹೆದರಬೇಡಿ" ಅನ್ನುತ್ತಾನೆ. ಆ ಹುಡುಗನಿಗೂ ಕೈಕಾಲು ನಡುಗುತ್ತಿರುತ್ತದೆ. ಅವನ ಮೇಲೆ ರೇಗಬೇಡಿ. ಮುಂದಿನ ಎಷ್ಟೋ ದಿನ ನಿಮ್ಮ ಕಣ್ಣು, ಕಿವಿ ಎಲ್ಲಾ ಅವನೇ. ಅವನು ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ, ಬಸ್ಸಿನಲ್ಲೋ ಯಾರದೋ ಕಾರಿನಲ್ಲೋ ಆಸ್ಪತ್ರೆಗೆ ಹೋಗಿ ಬರುತ್ತಾನೆ. ನೀವು ಊಟ ಮಾಡಿದಿರಾ ಅಂತ ಅವನನ್ನು ಒಮ್ಮೆ ಕೇಳಿ.

ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬರೆದಿಟ್ಟರೆ ಬೇಕಾದಾಗ ಸಿಗುವುದಿಲ್ಲ. ಮೊದಲ ಪುಟದಲ್ಲಿ ಇಷ್ಟು ಬೇಕು: ಆಸ್ಪತ್ರೆಯ ಪೂರ್ತಿ ಹೆಸರು ಮತ್ತು ಊರು, ವಾರ್ಡ್, ರೋಗಿಯ ಫೈಲ್ ನಂಬರ್, ಇಕಾಮಾ ಅಂದರೆ ಸೌದಿಯಲ್ಲಿ ವಾಸಕ್ಕೆ ಕೊಡುವ ಐಡಿಯ ನಂಬರ್ (ಕುವೈತ್‌ನಲ್ಲಾದರೆ ಸಿವಿಲ್ ಐಡಿ), ಪಾಸ್‌ಪೋರ್ಟ್ ನಂಬರ್, ಕಂಪನಿಯ ಹೆಸರು, ಎಚ್‌ಆರ್ ಅಥವಾ ಮಂದೂಬ್ ಅನ್ನುವವನ (ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗೆ ಓಡಾಡುವವನು) ಫೋನ್ ನಂಬರ್, ಇನ್ಶೂರೆನ್ಸ್ ಕಾರ್ಡಿನ ನಂಬರ್. ಪಾಸ್‌ಪೋರ್ಟ್ ಝೆರಾಕ್ಸ್ ಮನೆಯ ಗೋದ್ರೇಜಿನಲ್ಲಿ ಎಲ್ಲಾದರೂ ಇರುತ್ತದೆ, ಹುಡುಕಿ. ಬ್ಯಾಂಕಿಗೆ ಕೊಟ್ಟ ಕಾಗದಗಳ ಜೊತೆಯೂ ಇರಬಹುದು. ಮುಂದೆ ಯಾರ ಹತ್ತಿರ ಹೋದರೂ ಮೊದಲು ಕೇಳುವುದು ಈ ನಂಬರ್‌ಗಳನ್ನೇ.

ಆಮೇಲೆ ಮುಖ್ಯವಾದ ತೀರ್ಮಾನ. ಆಸ್ಪತ್ರೆಗೆ ಫೋನ್ ಮಾಡುವವರು ಮನೆಯಲ್ಲಿ ಒಬ್ಬರೇ ಆಗಿರಬೇಕು. ಆರು ಜನ ಮಾಡಿದರೆ ಆರು ಕಥೆ ಆಗುತ್ತದೆ, ನರ್ಸ್‌ಗಳಿಗೂ ರೋಸಿ ಹೋಗುತ್ತದೆ. ಆ ಒಬ್ಬರು ಹೆಂಡತಿಯೇ ಆಗಬೇಕು ಅಂತ ಇಲ್ಲ. ಮನೆಯಲ್ಲಿ ಜೋರು ಮಾತಾಡುವ ಮಾವನೂ ಆಗಬೇಕಾಗಿಲ್ಲ. ಕೆಟ್ಟ ಸುದ್ದಿ ಕೇಳುವಾಗಲೂ ಪೆನ್ನು ಹಿಡಿದು ಬರೆಯಬಲ್ಲವರು ಯಾರೋ ಅವರು. ನಮ್ಮ ಮನೆಯಲ್ಲಿ ಅದು ನಾನು. ಹೆಂಡತಿಯ ಒಪ್ಪಿಗೆ ಬೇಕಾದ ಕಡೆ ಮಾತ್ರ ಅವಳ ಕೈಗೆ ಫೋನ್ ಕೊಡುತ್ತಿದ್ದೆ.

ಸೌದಿ, ಕುವೈತ್, ಕತಾರ್, ಬಹರೈನ್ ನಮಗಿಂತ ಎರಡೂವರೆ ಗಂಟೆ ಹಿಂದೆ. ದುಬೈ, ಅಬುಧಾಬಿ, ಮಸ್ಕತ್ ಒಂದೂವರೆ ಗಂಟೆ ಹಿಂದೆ. ಡಾಕ್ಟರ್ ರೌಂಡ್ಸ್ ಯಾವಾಗ ಅಂತ ಕೇಳಿಕೊಂಡು ಅದು ಮುಗಿದ ಮೇಲೆ ದಿನಕ್ಕೊಂದು ಫೋನ್ ಮಾಡಿ. ಅಲ್ಲಿ ಬೆಳಿಗ್ಗೆ ಒಂಬತ್ತಾದರೆ ಜುಬೈಲ್ ಲೆಕ್ಕದಲ್ಲಿ ಇಲ್ಲಿ ಹನ್ನೊಂದೂವರೆ. ಆ ಒಂದು ಹೊತ್ತು ಗೊತ್ತಿದ್ದರೆ ಉಳಿದ ಹೊತ್ತಿನಲ್ಲಿ ಸ್ವಲ್ಪವಾದರೂ ಉಸಿರಾಡಬಹುದು. ರಾತ್ರಿಗೆ ಆಸ್ಪತ್ರೆ ಮತ್ತು ರೂಮ್‌ಮೇಟ್ ನಂಬರಿಗೆ ಬೇರೆ ರಿಂಗ್‌ಟೋನ್ ಹಾಕಿ, ಉಳಿದದ್ದನ್ನೆಲ್ಲಾ ಸೈಲೆಂಟ್ ಮಾಡಿ. ಫೋನ್ ಹತ್ತಿರ ಮಲಗುವ ಪಾಳಿಯನ್ನು ಬದಲಿಸಿಕೊಳ್ಳಿ. ಒಬ್ಬರೇ ದಿನಾ ಎಚ್ಚರ ಇದ್ದರೆ ಅವರೂ ಹಾಸಿಗೆ ಹಿಡಿಯುತ್ತಾರೆ.

ಡಾಕ್ಟರ ಹತ್ತಿರ ಏನು ಕೇಳಬೇಕು

"ಹೇಗಿದ್ದಾರೆ?" ಅಂತ ಕೇಳಿದರೆ "ಕ್ರಿಟಿಕಲ್ ಬಟ್ ಸ್ಟೇಬಲ್" ಅನ್ನುತ್ತಾರೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಬೇರೆ ಬೇರೆಯಾಗಿ ಕೇಳಿ. ವೆಂಟಿಲೇಟರ್ ಉಂಟಾ, ನಿನ್ನೆಗಿಂತ ಅದರ ಸಹಾಯ ಜಾಸ್ತಿ ಬೇಕಾಯಿತಾ ಕಡಿಮೆಯಾ? ಬಿಪಿ ಬೀಳದ ಹಾಗೆ ಹಿಡಿದಿಡಲಿಕ್ಕೆ ಔಷಧಿ ಹೋಗುತ್ತಿದೆಯಾ? ಮೂತ್ರ ಸರಿ ಹೋಗುತ್ತಿದೆಯಾ? ಜ್ವರ ಉಂಟಾ? ನಿದ್ದೆಗೆ ಔಷಧಿ ಕೊಟ್ಟಿದ್ದಾರಾ? ನಾಳೆಗೆ ಎಂತ ಮಾಡುವ ಯೋಚನೆ? ಉತ್ತರವನ್ನು ತಾರೀಕಿನ ಎದುರು ಬರೆಯಿರಿ. ನಾಲ್ಕೈದು ದಿನದ ಸಾಲು ಒಟ್ಟಿಗೆ ಓದಿದಾಗ ಏರುತ್ತಿದೆಯಾ ಇಳಿಯುತ್ತಿದೆಯಾ ನಿಮಗೇ ಕಾಣುತ್ತದೆ. ನಮ್ಮವರೇ ಆದ ಡಾಕ್ಟರೊಬ್ಬರು ಇಲ್ಲಿದ್ದರೆ ಅವರಿಗೂ ತೋರಿಸಬಹುದು.

ತಲೆಗೆ ಪೆಟ್ಟಾದವರ, ಸ್ಟ್ರೋಕ್ ಆದವರ ವಿಷಯದಲ್ಲಿ ಜಿಸಿಎಸ್ ಅಂತ ಒಂದು ನಂಬರ್ ಹೇಳುತ್ತಾರೆ, ರೋಗಿಗೆ ಎಚ್ಚರ ಎಷ್ಟುಂಟು ಅಂತ ತಿಳಿಯಲಿಕ್ಕೆ. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ 1974ರಲ್ಲಿ ಮಾಡಿದ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ತೀರಾ ಕಡಿಮೆ ಅಂದರೆ 3. ಬಾಯಲ್ಲಿ ಟ್ಯೂಬ್ ಇದ್ದರೆ ಮಾತಿನ ಅಂಕ ಕೊಡಲಿಕ್ಕೆ ಬರುವುದಿಲ್ಲ. ನಿದ್ದೆಯ ಔಷಧಿ ಇದ್ದರೂ ಅಂಕ ಇಳಿಯುತ್ತದೆ. ಹಾಗಾಗಿ ನಂಬರ್ ಒಂದನ್ನೇ ಹಿಡಿದುಕೊಂಡು ಕಂಗಾಲಾಗಬೇಡಿ. ಟ್ಯೂಬ್ ಉಂಟಾ, ಔಷಧಿ ಉಂಟಾ ಅಂತ ಜೊತೆಗೇ ಕೇಳಿ.

ಕೆಲವು ದಿನ ಕಳೆದ ಮೇಲೆ ಟ್ರೆಕಿಯಾಸ್ಟಮಿ ಮಾಡಬೇಕು ಅಂತ ಫೋನ್ ಬರಬಹುದು. "ಗಂಟಲಲ್ಲಿ ತೂತು ಮಾಡುತ್ತಾರಂತೆ" ಅಂತ ಗೊತ್ತಾದಾಗ ನಮ್ಮ ಮನೆಯಲ್ಲಿ ಎಲ್ಲರೂ ಅತ್ತರು. ಅದು ಕೊನೆಯ ಹಂತ ಅಂತ ಅಂದುಕೊಂಡಿದ್ದರು. ಹಾಗಲ್ಲ. ಬಾಯಿಯ ಟ್ಯೂಬನ್ನು ತುಂಬಾ ದಿನ ಇಡುವುದು ಒಳ್ಳೆಯದಲ್ಲ. ಕುತ್ತಿಗೆಯಲ್ಲಿ ಸಣ್ಣ ದಾರಿ ಮಾಡಿದರೆ ಕಫ ತೆಗೆಯಲಿಕ್ಕೆ, ವೆಂಟಿಲೇಟರಿನಿಂದ ನಿಧಾನವಾಗಿ ಬಿಡಿಸಲಿಕ್ಕೆ ಸುಲಭ. ಬೇಡವಾದಾಗ ತೆಗೆದರೆ ಹೆಚ್ಚಿನವರಿಗೆ ಗಾಯ ಮುಚ್ಚಿಕೊಳ್ಳುತ್ತದೆ. ಇಂಥ ಒಪ್ಪಿಗೆ ಕೇಳುವ ಫೋನ್ ಮಧ್ಯರಾತ್ರಿಯೂ ಬರಬಹುದು. ಯಾರು ಹೂಂ ಅನ್ನಬೇಕು, ಯಾರನ್ನು ಕೇಳಿ ಅನ್ನಬೇಕು ಅಂತ ಹಗಲಿನಲ್ಲೇ ಕೂತು ಮಾತಾಡಿ ಇಡಿ.

ಕಾಗದದ ಕೆಲಸ

ಈ ಕೆಲಸವನ್ನು ಮನೆಯಲ್ಲಿ ಸುಮ್ನೆ ಕೂರಲಾಗದ ಒಬ್ಬರಿಗೆ ಕೊಡಿ. ಭಾವನೋ ಮೈದುನನೋ ಇರುತ್ತಾರಲ್ವಾ, ಅಂಗಳದಲ್ಲಿ ಆಚೆ ಈಚೆ ನಡೆಯುತ್ತಾ ಇರುವವರು. ಅಂಥವರಿಗೆ.

ಭಾರತೀಯ ರಾಯಭಾರ ಕಚೇರಿಗೆ ಮೊದಲ ದಿನವೇ ಇಮೇಲ್ ಹೋಗಬೇಕು. ಜುಬೈಲ್, ದಮ್ಮಾಮ್ ಎಲ್ಲಾ ರಿಯಾದ್ ಕಚೇರಿಗೆ ಸೇರುತ್ತದೆ. ಜಿದ್ದಾ ಕಡೆಗೆ ಅಲ್ಲಿಯೇ ಕಾನ್ಸುಲೇಟ್ ಉಂಟು. ದುಬೈಗೆ ದುಬೈ ಕಾನ್ಸುಲೇಟ್. ಸಮುದಾಯ ಕಲ್ಯಾಣ ವಿಭಾಗ ಅಂತ ಪ್ರತಿ ಕಚೇರಿಯಲ್ಲಿ ಇರುತ್ತದೆ, ಅವರ ಹೆಸರಿಗೆ ಬರೆಯಿರಿ. ಸೌದಿಯಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಕೆಲಸ ಅನ್ನುವುದು ನೆನಪಿರಲಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಶುರು ಮಾಡಿದ 'ಮದದ್' ಅನ್ನುವ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಅದರಲ್ಲಿ ಒಂದು ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ಸಂಸದರ ಕಚೇರಿಗೆ ಹೋದರೆ ಅವರಿಗೂ ಬರೆಯಲಿಕ್ಕೆ ಆಧಾರ ಇರುತ್ತದೆ. ದಿಲ್ಲಿಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಫೋನ್ 1800 11 3090.

ದುಡ್ಡಿನ ವಿಷಯ ಮಾತಾಡಲಿಕ್ಕೆ ಮನಸ್ಸು ಬರುವುದಿಲ್ಲ, ಆದರೆ ಮಾತಾಡಲೇಬೇಕು. ಸೌದಿಯಲ್ಲಿ ಖಾಸಗಿ ಕಂಪನಿಯ ನೌಕರರಿಗೆ ಕಂಪನಿಯೇ ಆರೋಗ್ಯ ವಿಮೆ ಮಾಡಿಸಬೇಕು ಅಂತ ಕಾನೂನು ಉಂಟು. ಕಾಯಿಲೆ ರಜೆಯಲ್ಲಿ ಮೊದಲ 30 ದಿನ ಪೂರ್ತಿ ಸಂಬಳ, ಮುಂದಿನ 60 ದಿನ ಮುಕ್ಕಾಲು ಸಂಬಳ, ಅದರ ಮೇಲೆ 30 ದಿನ ಸಂಬಳವಿಲ್ಲದ ರಜೆ. ಕೆಲಸ ಮುಗಿದಾಗ ಸಿಗುವ ಸರ್ವಿಸ್ ಹಣ ಬೇರೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ವರ್ಷಕ್ಕೆ ಒಂದೊಂದು ತಿಂಗಳದ್ದು. ಇದನ್ನು ತಿಳಿದುಕೊಂಡು ಮಾತಾಡಿದರೆ ಕಂಪನಿಯವರೂ ಸರಿಯಾಗಿ ಮಾತಾಡುತ್ತಾರೆ. ತೀರಾ ಕಷ್ಟದಲ್ಲಿರುವವರಿಗೆ ರಾಯಭಾರ ಕಚೇರಿಯಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಉಂಟು, 2009ರಿಂದ. ತುರ್ತು ಚಿಕಿತ್ಸೆಗೆ, ಊರಿಗೆ ಕಳುಹಿಸಲಿಕ್ಕೆ ಅದರಿಂದ ಸಹಾಯ ಕೇಳಬಹುದು. ಹತ್ತನೇ ಕ್ಲಾಸ್ ಆಗದೆ ಇಸಿಆರ್ (ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ ಬೇಕಾದ) ಪಾಸ್‌ಪೋರ್ಟಿನಲ್ಲಿ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇರುತ್ತದೆ. ಅಪಘಾತದಲ್ಲಿ ಸಾವೋ ಶಾಶ್ವತ ಅಂಗವೈಕಲ್ಯವೋ ಆದರೆ 10 ಲಕ್ಷ ರೂಪಾಯಿವರೆಗೆ ಉಂಟು. ನನ್ನ ತಮ್ಮನದ್ದು ಅಪಘಾತ ಅಲ್ಲ, ಹಾಗಾಗಿ ನಮಗೆ ಅದು ಬರಲಿಲ್ಲ. ನಿಮ್ಮಲ್ಲಿ ಕಟ್ಟಡದಿಂದ ಬಿದ್ದದ್ದೋ ಗಾಡಿ ಗುದ್ದಿದ್ದೋ ಆದರೆ ಪಾಲಿಸಿ ಕಾಗದ ಹುಡುಕಿ.

ಇಷ್ಟೆಲ್ಲಾ ಇದ್ದರೂ ಬೇಗ ಓಡಿ ಬರುವವರು ಊರಿನವರ ಸಂಘದವರೇ. ತುಳು ಕೂಟ, ಕನ್ನಡ ಸಂಘ, ಬಂಟರದ್ದು, ಬಿಲ್ಲವರದ್ದು, ಮೊಗವೀರರದ್ದು, ಬ್ಯಾರಿಗಳದ್ದು, ಕೊಂಕಣಿಯವರದ್ದು ಹೀಗೆ ಗಲ್ಫಿನಲ್ಲಿ ನಮ್ಮ ಕರಾವಳಿಯವರ ಸಂಘ ಇಲ್ಲದ ಜಾಗ ಕಡಿಮೆ. ನಿಮ್ಮ ಜಾತಿಯ ಸಂಘವೇ ಆಗಬೇಕು ಅಂತ ಕೂರಬೇಡಿ. ನಮಗೆ ಆಸ್ಪತ್ರೆಯ ಅರಬಿ ಕಾಗದ ಓದಿ ಹೇಳಿದವರು, ಆ ದೇಶ ಬಿಟ್ಟು ಹೊರಡಲಿಕ್ಕೆ ಬೇಕಾದ ಎಕ್ಸಿಟ್ ವೀಸಾಕ್ಕೆ ಓಡಾಡಿದವರು ಒಬ್ಬರು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಅಮ್ಮ ಇವತ್ತಿಗೂ ಅವರನ್ನು ಮಗ ಅಂತಲೇ ಕರೆಯುತ್ತಾರೆ.

ಐಸಿಯುವಿನ ಫೋಟೋ ಯಾರಾದರೂ ಕಳುಹಿಸಿದರೆ ಅದನ್ನು ಗ್ರೂಪಿಗೆ ಹಾಕಬೇಡಿ. ಹಣ ಸಂಗ್ರಹಿಸುವುದಾದರೂ ಹೆಂಡತಿಯ ಅಥವಾ ತಾಯಿಯ ಖಾತೆಗೆ ನೇರ ಬರಲಿ. ಫೋಟೋ ಒಮ್ಮೆ ಹೊರಟರೆ ಹತ್ತು ವರ್ಷ ಕಳೆದರೂ ಯಾರದೋ ಮೊಬೈಲಿನಲ್ಲಿ ಇರುತ್ತದೆ. ಮಕ್ಕಳು ನಾಳೆ ಅದನ್ನು ನೋಡಬೇಕಾ?

ಉತ್ತರ ಕೊಡದವರ ಹತ್ತಿರ ಮಾತಾಡುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೂರ ಇರುವವರಿಗೆ ಎಲ್ಲಕ್ಕಿಂತ ಸಂಕಟ ಇದೇ. ಪಕ್ಕದಲ್ಲಿದ್ದರೆ ಕೈ ಹಿಡಿದುಕೊಳ್ಳಬಹುದು, ಹಣೆ ಒರೆಸಬಹುದು. ನಮಗೆ ಅದಿಲ್ಲ.

ಗಲ್ಫಿನ ಆಸ್ಪತ್ರೆಗಳಲ್ಲಿ ಕೇರಳದ ನರ್ಸ್‌ಗಳು ತುಂಬಾ. ನಮ್ಮ ಜಿಲ್ಲೆಯವರೂ ಇರುತ್ತಾರೆ. ವಿಚಾರಿಸಿದರೆ ಒಬ್ಬರಾದರೂ ಸಿಗುತ್ತಾರೆ. ನಮಗೆ ಶಿರ್ವ ಕಡೆಯ ಒಬ್ಬಳು ಹುಡುಗಿ ಸಿಕ್ಕಿದಳು, ತುಳು, ಕೊಂಕಣಿ ಎರಡೂ ಬರುತ್ತಿತ್ತು. ಐಸಿಯುವಿನಲ್ಲಿ ಫೋನ್ ಬಿಡುತ್ತಾರಾ ಅಂತ ಮೊದಲು ಕೇಳಬೇಕು. ನಿಯಮ ಮುರಿಯಲಿಕ್ಕೆ ಅವರನ್ನು ಒತ್ತಾಯ ಮಾಡಬಾರದು, ಕೆಲಸ ಹೋದರೆ ಅವರಿಗೂ ಮನೆ ಉಂಟು. ಅವಳು ಇನ್‌ಚಾರ್ಜ್ ಹತ್ತಿರ ಕೇಳಿ, ತನ್ನ ಶಿಫ್ಟ್ ಇದ್ದ ದಿನ ರೆಕಾರ್ಡ್ ಮಾಡಿದ ಧ್ವನಿಯನ್ನು ಅವನ ಕಿವಿಯ ಹತ್ತಿರ ಹಿಡಿಯುತ್ತೇನೆ ಅಂದಳು. ಒಂದು ನಿಮಿಷದ್ದು, ಜಾಸ್ತಿ ಬೇಡ.

ಏನು ಮಾತಾಡುವುದು? ಅಮ್ಮ ಮೊದಲಿಗೆ ಫೋನನ್ನು ಬಾಯಿಯ ಹತ್ತಿರ ಹಿಡಿದು "ಮಗಾ" ಅಂದದ್ದೇ, ಮುಂದೆ ಅಳು. ಅಳುವ ಧ್ವನಿ ಕಳುಹಿಸುವುದು ನನಗೆ ಸರಿ ಕಾಣಲಿಲ್ಲ. ಮಾರನೇ ದಿನ ಮಧ್ಯಾಹ್ನ ಅಡಿಗೆಮನೆಯಲ್ಲಿ ಅವರು ಬಂಗುಡೆ ಸಾರಿಗೆ ಮಸಾಲೆ ಅರೆಯುತ್ತಿರುವಾಗ, "ಅವನನ್ನು ಊಟಕ್ಕೆ ಕರೆಯಿರಿ" ಅಂದೆ. ಅಮ್ಮ ಕಲ್ಲಿನಿಂದ ಕೈ ತೆಗೆಯಲೇ ಇಲ್ಲ. ಸಣ್ಣವನಿದ್ದಾಗ ಗದ್ದೆಗೆ ಕೇಳುವ ಹಾಗೆ ಕರೆಯುತ್ತಿದ್ದರಲ್ಲ, ಅದೇ ಸ್ವರದಲ್ಲಿ ತುಳುವಿನಲ್ಲಿ ಕರೆದರು. ಕೈ ತೊಳೆದು ಬಾ, ಸಾರು ಆರುತ್ತದೆ ಅಂತ. ಅರೆಯುವ ಸದ್ದೂ ಅದರಲ್ಲಿ ಬಂತು. ಅದನ್ನೇ ಕಳುಹಿಸಿದೆವು.

ಆಮೇಲೆ ಅದು ದಿನದ ಕೆಲಸ ಆಯಿತು. ಸಣ್ಣವಳು ಶಾಲೆಯ ಪ್ರಾರ್ಥನೆ ಹಾಡಿದಳು. ದೊಡ್ಡ ಹುಡುಗ ಮಾತಾಡಲಿಕ್ಕೆ ಒಪ್ಪಲಿಲ್ಲ, ಸ್ವರ ಹೊರಡುವುದಿಲ್ಲ ಅಂದ. ಅಂಗಳದಲ್ಲಿ ಟರ್ಪಾಲ್ ಹೊದಿಸಿ ಇಟ್ಟಿದ್ದ ಅಪ್ಪನ ಹೀರೋ ಹೋಂಡಾ ಬೈಕನ್ನು ಹೊರಗೆ ತಂದು, ಕಿಕ್ ಹೊಡೆದು, ಸ್ಟಾರ್ಟ್ ಆದ ಶಬ್ದ ರೆಕಾರ್ಡ್ ಮಾಡಿದ. ತಮ್ಮನ ಹೆಂಡತಿ ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದಳು. ಅದರಲ್ಲಿ ಏನಿತ್ತು ಅಂತ ನಾವು ಕೇಳಲಿಲ್ಲ. ನಿಮ್ಮ ಮನೆಯಲ್ಲೂ ಹೆಂಡತಿಗೋ ಗಂಡನಿಗೋ ಆ ಬಾಗಿಲು ಹಾಕಿಕೊಳ್ಳಲಿಕ್ಕೆ ಅವಕಾಶ ಕೊಡಿ. ಕೂಡುಕುಟುಂಬದಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ನನ್ನ ತಮ್ಮನಿಗೆ ಆ ದಿನಗಳ ನೆನಪು ಒಂದೂ ಇಲ್ಲ. ಯಾವ ಧ್ವನಿಯೂ ನೆನಪಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸುವುದು ಸರಿಯಲ್ಲ. ಆದರೂ ಕಳುಹಿಸಿ ಅಂತಲೇ ಹೇಳುತ್ತೇನೆ. ಕೇಳಿಸುತ್ತಿರಬಹುದು ಅಂತಲೇ ನರ್ಸ್‌ಗಳು ಪ್ರಜ್ಞೆ ಇಲ್ಲದ ರೋಗಿಯ ಹತ್ತಿರವೂ ಮಾತಾಡಿಕೊಂಡೇ ಕೆಲಸ ಮಾಡುತ್ತಾರೆ. ಇಲ್ಲಿ ಅಮ್ಮನಿಗೂ ಬೆಳಿಗ್ಗೆ ಎದ್ದಾಗ "ಇವತ್ತು ಅವನಿಗೆ ಎಂತ ಕಳುಹಿಸುವುದು" ಅನ್ನುವ ಯೋಚನೆ ಇರುತ್ತಿತ್ತು. ಅದು ಇಲ್ಲದಿದ್ದರೆ ಬೇರೆ ಯಾವ ಯೋಚನೆ ಬರುತ್ತಿತ್ತು ಅಂತ ನನಗೆ ಗೊತ್ತು.

ಅಮ್ಮನಿಗೆ, ಮಕ್ಕಳಿಗೆ ಹೇಳುವುದಾ?

ಹೇಳಬೇಕು. "ಬಿಪಿ ಇರುವವರು, ಹೇಳಬೇಡಿ" ಅಂತ ಎಲ್ಲರೂ ಅನ್ನುತ್ತಾರೆ. ಆದರೆ ಮನೆಯಲ್ಲಿ ಪಿಸುಮಾತು ಶುರುವಾದ ಗಳಿಗೆಯಲ್ಲೇ ಹಿರಿಯರಿಗೆ ಗೊತ್ತಾಗಿರುತ್ತದೆ. ಗೊತ್ತಿಲ್ಲದವರ ಹಾಗೆ ನಟಿಸುವ ಭಾರ ಅವರ ಮೇಲೆ ಬೀಳುತ್ತದೆ, ಅಷ್ಟೇ. ಮಾತ್ರೆ ಕೊಟ್ಟು, ಊಟ ಆದ ಮೇಲೆ, ಪಕ್ಕದಲ್ಲಿ ಕೂತು ಹೇಳಿ. "ತಲೆಯಲ್ಲಿ ರಕ್ತ ಹೋಗಿದೆ. ಎಚ್ಚರ ಇಲ್ಲ. ಡಾಕ್ಟರ್ ನೋಡುತ್ತಿದ್ದಾರೆ. ಏನಾಗುತ್ತದೆ ಅಂತ ಅವರಿಗೂ ಈಗ ಗೊತ್ತಿಲ್ಲ." ಇಷ್ಟು ಸಾಕು. "ಏನೂ ಆಗುವುದಿಲ್ಲ" ಅನ್ನುವ ಮಾತು ಮಾತ್ರ ಬೇಡ. ಅದನ್ನು ಹೇಳಲಿಕ್ಕೆ ನಮ್ಮ ಕೈಯಲ್ಲಿ ಏನುಂಟು?

ಮಕ್ಕಳಿಗೂ ಇದನ್ನೇ ಇನ್ನೂ ಸಣ್ಣ ಮಾತಿನಲ್ಲಿ. ಶಾಲೆಯ ಟೀಚರಿಗೆ ಒಂದು ಮಾತು ಹೇಳಿಡಿ. ಮಕ್ಕಳು ನಡುವೆ ಆಟ ಆಡುತ್ತಾರೆ, ನಗುತ್ತಾರೆ. "ಅಪ್ಪ ಹಾಗಿರುವಾಗ ನಗುತ್ತಿಯಾ" ಅಂತ ಯಾರಾದರೂ ಗದರಿಸಿದರೆ ಅವರನ್ನು ಆಚೆ ಕರೆದು ಬುದ್ಧಿ ಹೇಳಿ.

ಬರುವವರು, ಹೋಗುವವರು

ಸುದ್ದಿ ತಿಳಿದ ಮೇಲೆ ಜನ ಬರುತ್ತಾರೆ. ಪ್ರೀತಿಯಿಂದಲೇ ಬರುತ್ತಾರೆ. ಆದರೆ ಪ್ರತಿಯೊಬ್ಬರಿಗೂ ಮೊದಲಿನಿಂದ ಕಥೆ ಹೇಳಿ ಹೇಳಿ ಹೆಂಡತಿಯಾದವಳಿಗೆ ಸಂಜೆಯೊಳಗೆ ಜೀವ ಹೋಗುತ್ತದೆ. ದಿನಾ ಸಂಜೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ, ನಾಲ್ಕು ಸಾಲು. ಮನೆಗೆ ಬಂದವರಿಗೆ ಜಗಲಿಯಲ್ಲಿ ಉತ್ತರ ಹೇಳಲಿಕ್ಕೆ ಒಬ್ಬರನ್ನು ಕೂರಿಸಿ. ಅವಳು ಒಳಗೆ ಮಲಗಿರಲಿ.

ನೀವು ಅಂಥ ಮನೆಗೆ ಹೋಗುವವರಾದರೆ, "ಏನಾದರೂ ಬೇಕಾದರೆ ಹೇಳಿ" ಅನ್ನಬೇಡಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೀನು ಸಾರು ಮಾಡಿ ತಂದುಕೊಡಿ. ಮೆಸ್ಕಾಂ ಬಿಲ್ ಕಟ್ಟಿ ಬನ್ನಿ. ಮಗುವನ್ನು ಶಾಲೆಯಿಂದ ಕರೆದುಕೊಂಡು ಬನ್ನಿ. ಗ್ಯಾಸ್ ಬುಕ್ ಆಗಿದೆಯಾ ನೋಡಿ. ನಮ್ಮ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು, ನಾವು ಬಾಯಿ ಅಂತ ಕರೆಯುವವರು, ದಿನಾ ಬೆಳಿಗ್ಗೆ ಬಂದು ಅಮ್ಮನ ಹತ್ತಿರ ಏನೂ ಮಾತಾಡದೆ ತೆಂಗಿನಕಾಯಿ ತುರಿದುಕೊಟ್ಟು ಹೋಗುತ್ತಿದ್ದರು. ಅತ್ತೂರು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಬಂದದ್ದು ಅವರ ಮಗಳು ಹೇಳಿದ ಮೇಲೆ ಗೊತ್ತಾಯಿತು. ಇನ್ನೊಂದು, ನಿಮ್ಮ ಸೋದರಮಾವನ ಮಗನಿಗೂ ಹೀಗೇ ಆಗಿ ಅವರು ತೀರಿಹೋದ ಕಥೆಯನ್ನು ದಯವಿಟ್ಟು ಅಲ್ಲಿ ಹೇಳಬೇಡಿ.

ಹರಕೆ ಹೊರುವವರು ಹೊರಲಿ. ನಾವೂ ಕಟೀಲಿಗೆ ಹೂವಿನ ಪೂಜೆ ಹೇಳಿಕೊಂಡಿದ್ದೆವು. ಆದರೆ ಹೆದರಿಕೆಯಲ್ಲಿ ಒಬ್ಬೊಬ್ಬರು ಒಂದೊಂದು ದೇವರಿಗೆ, ದೈವಕ್ಕೆ ಹೇಳಿಕೊಂಡು ಆಮೇಲೆ ತೀರಿಸಲಿಕ್ಕಾಗದೆ ಕೊರಗುತ್ತಾರೆ. ಕಟೀಲು ಮೇಳದ ಹರಕೆಯ ಯಕ್ಷಗಾನ ಆಟಕ್ಕಂತೂ ವರ್ಷಗಟ್ಟಲೆ ಕಾಯಬೇಕು. ಯಾವ ಹರಕೆ ಯಾರು ಹೊತ್ತದ್ದು ಅಂತ ಅದೇ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ, ಕೈಲಾಗುವಷ್ಟೇ ಹೊರಿ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರೆ ಯಾರದೋ ದೋಷ ಬರುತ್ತದೆ. ಅದು ಹೆಂಡತಿಯ ಜಾತಕದ ಮೇಲೆ ಬರಲಿಕ್ಕೆ ಮಾತ್ರ ಬಿಡಬಾರದು. ಆ ಮಾತು ಮನೆಯಲ್ಲಿ ಎದ್ದರೆ ಎದುರು ನಿಲ್ಲಿ. ಗಂಡ ಬದುಕಿ ಬಂದರೂ ಬಾರದಿದ್ದರೂ ಆ ಮಾತನ್ನು ಅವಳು ಸಾಯುವವರೆಗೆ ಹೊತ್ತುಕೊಂಡಿರುತ್ತಾಳೆ.

ನಿಮ್ಮ ಊಟ, ನಿಮ್ಮ ಅಳು

ತಮ್ಮನ ಹೆಂಡತಿ ಫ್ಯಾನ್ ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಚಾಪೆ ಕೂಡ ಇಲ್ಲದೆ ನೆಲದ ಮೇಲೆ ಮಲಗುತ್ತಿದ್ದಳು. "ಅವರು ಅಲ್ಲಿ ಹಾಗೆ ಮಲಗಿರುವಾಗ ನಾನು ಹೇಗೆ ಹಾಯಾಗಿ ಮಲಗಲಿ ಅಕ್ಕ?" ಅಂದಳು. ಅನ್ನ ಸೇರುತ್ತಿರಲಿಲ್ಲ. ಇಂಥವರಿಗೆ ಬುದ್ಧಿ ಹೇಳಿದರೆ ಕೇಳಿಸುವುದಿಲ್ಲ. ನಾನು ಹೋಗಿ ಅವಳ ಪಕ್ಕದಲ್ಲಿ ಮಲಗಿದೆ, ನನಗೆ ಸೆಕೆ ಅಂತ ಫ್ಯಾನ್ ಹಾಕಿದೆ. ಕುಚ್ಚಲಕ್ಕಿ ಗಂಜಿ, ಸ್ವಲ್ಪ ಉಪ್ಪಿನಕಾಯಿ, ಅಷ್ಟನ್ನು ಲೋಟಕ್ಕೆ ಹಾಕಿ ಕೊಟ್ಟರೆ ಕುಡಿಯುತ್ತಿದ್ದಳು. ಬಟ್ಟಲು ಕಂಡರೆ ಬೇಡ ಅನ್ನುತ್ತಿದ್ದಳು. ಹಾಗಾದರೆ ಲೋಟದಲ್ಲೇ ಕೊಡಿ.

"ಅಳಬೇಡಿ, ಕೆಟ್ಟದ್ದನ್ನು ಕರೆದ ಹಾಗಾಗುತ್ತದೆ" ಅನ್ನುತ್ತಾರೆ. ಅವರು ಇನ್ನೂ ಇದ್ದಾರೆ, ಆದರೂ ಇಲ್ಲ. ಅದಕ್ಕೆ ದುಃಖ ಬರುವುದು ಸಹಜ. ಅತ್ತರೆ ಯಾರ ಆಯುಷ್ಯವೂ ಕಡಿಮೆಯಾಗುವುದಿಲ್ಲ. ಜನರೆದುರು ಆಗದಿದ್ದರೆ ಬಚ್ಚಲಿನಲ್ಲಿ ಹಂಡೆಗೆ ಬೆಂಕಿ ಹಾಕಿ ಕೂತು ಅಳಿ, ಕಣ್ಣು ಕೆಂಪಾದರೆ ಹೊಗೆ ಅಂದರಾಯಿತು. ನಿದ್ದೆಯೇ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಬದುಕುವುದೇ ಬೇಡ ಅನ್ನಿಸುತ್ತದೆ ಅಂತಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಿಂದ ಉಂಟು. ಹಗಲು ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೂ ಹೋಗಬಹುದು.

ಯಾರಾದರೂ ಅಲ್ಲಿಗೆ ಹೋಗಬೇಕಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಪಾಸ್‌ಪೋರ್ಟ್ ಇದ್ದು, ವೀಸಾ ಮಾಡಿಸಿಕೊಡುವವರಿದ್ದು, ಉಳಿಯಲಿಕ್ಕೆ ಜಾಗ ಇದ್ದರೆ ಹೋಗಿ. ಐಸಿಯುವಿನಲ್ಲಿ ನೋಡಲಿಕ್ಕೆ ಬಿಡುವುದು ಸ್ವಲ್ಪ ಹೊತ್ತು ಮಾತ್ರ ಅಂತ ತಿಳಿದುಕೊಂಡು ಹೋಗಿ. ಹೋಗಲಿಕ್ಕಾಗದವರು ಸಾಲ ಮಾಡಿಯಾದರೂ ಹೋಗಬೇಕಿತ್ತು ಅಂತ ಹೇಳುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಆ ದುಡ್ಡು ಕರೆತರಲಿಕ್ಕೆ ಬೇಕಾಗುತ್ತದೆ.

ಕರೆತರುವಾಗ

ಮಲಗಿಸಿಯೇ ತರಬೇಕಾದರೆ ವಿಮಾನದಲ್ಲಿ ಹಲವು ಸೀಟುಗಳನ್ನು ಮಡಚಿ ಸ್ಟ್ರೆಚರ್ ಕೂರಿಸುತ್ತಾರೆ. ಆ ಸೀಟುಗಳಿಗೆಲ್ಲಾ ದುಡ್ಡು ಕೊಡಬೇಕು. ಪ್ರಯಾಣ ಮಾಡಬಹುದು ಅಂತ ಡಾಕ್ಟರ ಕಾಗದ, ವಿಮಾನದವರ ಮೆಡಿಕಲ್ ಫಾರ್ಮ್, ಜೊತೆಗೆ ಬರುವ ನರ್ಸ್ ಅಥವಾ ಡಾಕ್ಟರ್, ಎಕ್ಸಿಟ್ ವೀಸಾ ಇಷ್ಟೂ ಒಂದೇ ದಿನಕ್ಕೆ ಹೊಂದಬೇಕು. ಎಲ್ಲಾ ವಿಮಾನದಲ್ಲಿ ಸ್ಟ್ರೆಚರ್ ಸೌಲಭ್ಯ ಇಲ್ಲ. ಹಾಗಾಗಿ ಮಂಗಳೂರಿಗೆ ನೇರ ಬರಲಿಕ್ಕಾಗದೆ ಬೆಂಗಳೂರಿಗೋ ಕೊಚ್ಚಿಗೋ ಬಂದು, ಅಲ್ಲಿಂದ ಐಸಿಯು ಆಂಬುಲೆನ್ಸ್ ಮಾಡಬೇಕಾಗಬಹುದು. ಮಳೆಗಾಲವಾದರೆ ಶಿರಾಡಿ ಘಾಟಿ ತೆರೆದಿದೆಯಾ ಅಂತ ಹೊರಡುವ ಮೊದಲು ವಿಚಾರಿಸಿ. ಇಲ್ಲಿ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಬೆಡ್ ಗಟ್ಟಿ ಮಾಡಿದ ಮೇಲೆಯೇ ಅಲ್ಲಿ ಟಿಕೆಟ್. ಪೂರ್ತಿ ಮೆಡಿಕಲ್ ರಿಪೋರ್ಟ್, ಸ್ಕ್ಯಾನ್‌ಗಳ ಸಿಡಿ ಜೊತೆಗೆ ಬರಲಿ. ಅರಬಿಯಲ್ಲಿದ್ದರೆ ಇಂಗ್ಲಿಷ್ ಪ್ರತಿ ಅಲ್ಲಿಯೇ ಕೇಳಿ ತೆಗೆದುಕೊಳ್ಳಿ.

ಬದುಕಿ ಬಾರದಿದ್ದರೆ, ಅಲ್ಲಿನ ಮರಣ ಪ್ರಮಾಣಪತ್ರ, ಆಸ್ಪತ್ರೆಯ ವರದಿ, ರಾಯಭಾರ ಕಚೇರಿಯ ಎನ್‌ಒಸಿ, ರದ್ದು ಮಾಡಿದ ಪಾಸ್‌ಪೋರ್ಟ್ ಬೇಕು. ಅಲ್ಲಿ ಯಾರು ಓಡಾಡುತ್ತಾರೋ ಅವರ ಹೆಸರಿಗೆ ಮನೆಯವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಕಳುಹಿಸಬೇಕು. ದಿನಗಳು ಹಿಡಿಯುತ್ತವೆ. ಆ ದಿನಗಳಲ್ಲಿ "ಇನ್ನೂ ಬಂದಿಲ್ವಾ" ಅಂತ ಮನೆಯವರನ್ನು ಕೇಳಬೇಡಿ. ಕಂಪನಿಯಿಂದ ಬರಬೇಕಾದ ಹಣದ ಕಾಗದಕ್ಕೆ ಆ ದುಃಖದಲ್ಲಿ ಹೆಂಡತಿಯಿಂದ ಸುಮ್ನೆ ಸಹಿ ಹಾಕಿಸಬೇಡಿ. ಓದಿ, ಲೆಕ್ಕ ನೋಡಿ, ಆಮೇಲೆ ಹಾಕಿಸಿ.

ನನ್ನ ತಮ್ಮನ ಬಲಗೈ ಈಗಲೂ ಏಳುವುದಿಲ್ಲ. ಮಾತು ಸ್ವಲ್ಪ ಸ್ವಲ್ಪ ಬರುತ್ತದೆ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿ. ಅವನು ಬಂದ ಮೇಲೆ ಅಮ್ಮನಿಗೆ ಶುಗರ್ ವಿಪರೀತ ಏರಿದ್ದು ಗೊತ್ತಾಯಿತು, ಅವನ ಹೆಂಡತಿಗೆ ರಕ್ತ ತುಂಬಾ ಕಡಿಮೆಯಾಗಿತ್ತು. ಹಾಗಾಗಿ ನಿಮ್ಮವರು ಮನೆ ಸೇರಿದ ವಾರವೇ ಇಷ್ಟು ದಿನ ಕಾದು ಕೂತ ಎಲ್ಲರನ್ನೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಪಿ, ಶುಗರ್, ರಕ್ತ ಪರೀಕ್ಷೆ ಮಾಡಿಸಿ. ನಾಳೆ ಅಂತ ಮುಂದೆ ಹಾಕಬೇಡಿ.